ಸರ್ಕಾರಿ ಖರೀದಿಯಲ್ಲಿ ಸಣ್ಣ ಶೆಡ್‌ನ ಪಾಲು: ಅಂತರಸನಹಳ್ಳಿಯಿಂದ ನನ್ನ ಅನುಭವ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಾನು ತಗಡಿನ ಕೆಲಸದ ಒಂದು ಶೆಡ್ ನಡೆಸುತ್ತೇನೆ. ಸ್ಟೀಲ್ ರ್ಯಾಕ್, ಬೀರು, ಮೇಜು, ಟ್ರಂಕು, ತರಬೇತಿ ಕೇಂದ್ರಗಳಿಗೆ ಬೇಕಾದ ವರ್ಕ್‌ಬೆಂಚು ನಮ್ಮ ಕೆಲಸ. ಹಿಂದೆ ನಮ್ಮ ಮಾಲೆಲ್ಲ ಬೆಂಗಳೂರಿನ ವ್ಯಾಪಾರಿಗಳಿಗೆ ಹೋಗುತ್ತಿತ್ತು. ಅವರು ತಮ್ಮ ಹೆಸರಿನ ಚೀಟಿ ಅಂಟಿಸಿ ಸರ್ಕಾರಿ ಕಚೇರಿಗಳಿಗೆ ಮಾರುತ್ತಿದ್ದರು. ಬೆಸುಗೆ, ಬಣ್ಣ, ಕೂಲಿ ಎಲ್ಲವೂ ತುಮಕೂರಿನದು; ಲಾಭದ ದೊಡ್ಡ ಭಾಗ ಮಾತ್ರ ತುಮಕೂರಿಗೆ ಬರುತ್ತಿರಲಿಲ್ಲ. ನೇರವಾಗಿ ಸರ್ಕಾರಕ್ಕೆ ಪೂರೈಸಲು ಹೊರಟಾಗ ಯಾವ ನಿಯಮ ಕೈಹಿಡಿಯಿತು, ಯಾವುದು ಕಾಗದದ ಮೇಲೇ ಉಳಿಯಿತು ಎಂಬುದನ್ನು ನಮ್ಮಂಥ ಇತರ ಶೆಡ್‌ಗಳವರಿಗಾಗಿ ಬರೆಯುತ್ತಿದ್ದೇನೆ.

ಮೂಲ ನಿಯಮ 2012ರದು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗಾಗಿ ಹೊರಡಿಸಿದ ಸಾರ್ವಜನಿಕ ಖರೀದಿ ನೀತಿಯ ಆದೇಶ ಅದು. ಕೇಂದ್ರದ ಸಚಿವಾಲಯಗಳು, ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಒಂದು ಪಾಲನ್ನು ಇಂಥ ಉದ್ದಿಮೆಗಳಿಂದಲೇ ಕೊಳ್ಳಬೇಕು. ಮೊದಲು 20% ಇದ್ದ ಈ ಪಾಲು 2019ರ ಏಪ್ರಿಲ್‌ನಿಂದ 25% ಆಗಿದೆ. ಅದರೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ದಿಮೆಗಳಿಗೆ 4%, ಮಹಿಳೆಯರ ಉದ್ದಿಮೆಗಳಿಗೆ 3% ಗುರಿ ಇದೆ. ಇದರ ಜೊತೆಗೆ 358 ವಸ್ತುಗಳ ಒಂದು ಪಟ್ಟಿಯಿದೆ. ಅವನ್ನು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಮಾತ್ರ ಕೊಳ್ಳಬೇಕು. ಆ ಪಟ್ಟಿಯನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸ್ಟೀಲ್ ಬೀರು, ಸ್ಟೀಲ್ ಕುರ್ಚಿ, ಸ್ಟೀಲ್ ರ್ಯಾಕ್, ಸ್ಟೀಲ್ ಟ್ರಂಕು, ಎಲ್ಲವೂ ಅದರಲ್ಲಿದ್ದವು. ನಾವು ಮಾಡುವ ಮುಕ್ಕಾಲು ಸಾಮಾನು ಕಾನೂನಿನ ಪ್ರಕಾರ ನಮ್ಮಂಥವರಿಗೇ ಮೀಸಲು!

ಆದರೆ ಈ ಹಕ್ಕು ತಯಾರಕರದು. ವ್ಯಾಪಾರಿಗಳಿಗೆ 2021ರಿಂದ ‘ಉದ್ಯಮ’ ಎಂಬ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಗೆ ಅವಕಾಶ ಸಿಕ್ಕಿದ್ದರೂ ಅದು ಬ್ಯಾಂಕುಗಳ ಆದ್ಯತಾ ಸಾಲಕ್ಕಷ್ಟೇ ಸೀಮಿತ. ಖರೀದಿ ನೀತಿಯ ಸೌಲಭ್ಯ ಅವರಿಗಿಲ್ಲ. ಹಾಗಾಗಿ ನಾನು ಯಾರಿಗಾದರೂ ಮೊದಲು ಹೇಳುವುದು, ನಿಮ್ಮ ಉದ್ಯಮ ಪ್ರಮಾಣಪತ್ರವನ್ನು ತೆಗೆದು ಪ್ರಮುಖ ಚಟುವಟಿಕೆ ಎಂಬಲ್ಲಿ ಏನಿದೆ ನೋಡಿ ಎಂದು. ಸೈಬರ್ ಕೇಂದ್ರದಲ್ಲಿ ಅವಸರದಲ್ಲಿ ಮಾಡಿಸಿದ ನೋಂದಣಿಯಲ್ಲಿ, ಹಗಲಿಡೀ ತಗಡು ಬಗ್ಗಿಸುವ ಪ್ರೆಸ್ ಬ್ರೇಕ್ ಯಂತ್ರ ಓಡಿಸುವ ಮನುಷ್ಯ ವ್ಯಾಪಾರಿ ಎಂದು ದಾಖಲಾಗಿರುವುದನ್ನು ನಾನು ಕಂಡಿದ್ದೇನೆ. ತಿದ್ದುಪಡಿಗೆ ದುಡ್ಡಿಲ್ಲ, ಅಂತರ್ಜಾಲದಲ್ಲೇ ಆಗುತ್ತದೆ. ತೊಡಕಾದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಬಹುದು.

ಸರ್ಕಾರಿ ಕಚೇರಿಗಳು ಅಂತರ್ಜಾಲದಲ್ಲೇ ಸಾಮಾನು ಕೊಳ್ಳಲು 2016ರಲ್ಲಿ ಆರಂಭವಾದ ಜೆಮ್ ಪೋರ್ಟಲ್‌ನಲ್ಲಿಯೂ ಇದೇ ಮಾತು. ಅಲ್ಲಿ ನಮ್ಮನ್ನು ಮರುಮಾರಾಟಗಾರರೆಂದಲ್ಲ, ಮೂಲ ತಯಾರಕರೆಂದು ದಾಖಲಿಸಿಕೊಳ್ಳಬೇಕು. ಅದಕ್ಕೆ ಯಂತ್ರಗಳ ಪಟ್ಟಿ, ವಿದ್ಯುತ್ ಬಿಲ್ಲು, ತಗಡು ಕೊಂಡ ರಸೀದಿ, ಪರೀಕ್ಷಾ ವರದಿ ಎಲ್ಲವನ್ನೂ ಜೋಡಿಸಿದೆವು. ನಮ್ಮ ಹಿರಿಯ ಫಿಟ್ಟರ್ ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಪ್ರತಿ ಹಂತಕ್ಕೂ ಅಳತೆ ಬರೆದಿಡುವ ಅಭ್ಯಾಸವನ್ನು ಅವರು ಅಲ್ಲಿಂದ ತಂದಿದ್ದರು. ತಗಡಿನ ದಪ್ಪ, ಪೌಡರ್ ಕೋಟಿಂಗ್‌ನ ದಪ್ಪ, ಬೆಸುಗೆಯ ತಪಾಸಣೆ ಎಲ್ಲಕ್ಕೂ ಅವರ ಪುಸ್ತಕದಲ್ಲಿ ಲೆಕ್ಕವಿತ್ತು. ತಪಾಸಣೆಯ ಹೊತ್ತಿಗೆ ನಮ್ಮ ಮಾನ ಉಳಿಸಿದ್ದು ಆ ಪುಸ್ತಕ.

ಬೆಲೆಯ ವಿಷಯದಲ್ಲಿ ಸಿಗುವ ಆದ್ಯತೆಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನ್ನ ಅನುಭವದಲ್ಲಿ ನಮ್ಮನ್ನು ಹೊರಗಿಡುವುದು ಬೆಲೆಗಿಂತ ಮೊದಲು ಬರುವ ಅರ್ಹತೆಯ ಷರತ್ತುಗಳು. ಕಳೆದ ಮೂರು ವರ್ಷಗಳಲ್ಲಿ ಇಷ್ಟು ಕೋಟಿ ವಹಿವಾಟು ಇರಬೇಕು, ಇದೇ ಬಗೆಯ ಇಷ್ಟು ದೊಡ್ಡ ಆದೇಶ ಪೂರೈಸಿರಬೇಕು ಎಂದು ಬರೆದ ಕೂಡಲೇ ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿಯ ಶೆಡ್‌ಗಳೆಲ್ಲ ಬಾಗಿಲಲ್ಲೇ ನಿಲ್ಲುತ್ತವೆ. ಗುಣಮಟ್ಟಕ್ಕೆ ಧಕ್ಕೆಯಾಗದಂತೆ ಈ ಎರಡು ಷರತ್ತುಗಳನ್ನು ಸಣ್ಣ ಉದ್ದಿಮೆಗಳಿಗೆ ಸಡಿಲಿಸಲು ಕೇಂದ್ರದ ನಿಯಮಗಳಲ್ಲಿ ಅವಕಾಶವಿದೆ. ಆದರೆ ಸಡಿಲಿಸುವುದು ಖರೀದಿದಾರರ ವಿವೇಚನೆಗೆ ಬಿಟ್ಟದ್ದು. ಜೆಮ್ ಬಿಡ್ ದಾಖಲೆಯಲ್ಲಿ ಇದಕ್ಕೆ ಹೌದು ಅಥವಾ ಇಲ್ಲ ಎಂಬ ಒಂದು ಸಾಲು ಇರುತ್ತದೆ. ನಾನು ಈಗ ಮೊದಲು ತೆರೆದು ನೋಡುವುದು ಆ ಸಾಲನ್ನೇ.

ಇಲ್ಲ ಎಂದಿದ್ದರೆ ಸುಮ್ಮನಾಗುವುದಿಲ್ಲ. ಬಿಡ್‌ಪೂರ್ವ ಸಭೆಗೆ ಹೋಗುತ್ತೇನೆ, ಇಲ್ಲವೇ ಪ್ರಶ್ನೆ ಕಳಿಸುವ ಗಡುವಿನೊಳಗೆ ಬರೆದು ಕಳಿಸುತ್ತೇನೆ. ಒಂದು ಕೇಂದ್ರ ತರಬೇತಿ ಸಂಸ್ಥೆಯ ಟೆಂಡರ್‌ನಲ್ಲಿ ಹೀಗೆ ಕೇಳಿದಾಗ ಖರೀದಿ ಅಧಿಕಾರಿ, "ಮೇಡಂ, ನೀವು ಪೂರೈಸುತ್ತೀರಿ ಎಂದು ನಾನು ಯಾವ ಆಧಾರದ ಮೇಲೆ ನಂಬಲಿ?" ಎಂದರು. ನ್ಯಾಯವಾದ ಪ್ರಶ್ನೆ. "ಸರ್, ಒಂದು ಮಾದರಿ ಬೆಂಚು ಮಾಡಿ ತಂದು ನಿಲ್ಲಿಸುತ್ತೇನೆ. ಭಾರ ಹೇರಿ ನೋಡಿ, ಶೆಡ್‌ಗೂ ಬಂದು ನೋಡಿ. ವಹಿವಾಟಿನ ಷರತ್ತಿನ ಬದಲು ಮಾದರಿಯ ಪರೀಕ್ಷೆ ಇಡಿ" ಎಂದೆ. ಅವರು ತಿದ್ದುಪಡಿ ಹೊರಡಿಸಿದರು. ಅಧಿಕಾರಿಗಳಲ್ಲಿ ಬಹಳ ಮಂದಿಗೆ ಸಣ್ಣವರ ಮೇಲೆ ದ್ವೇಷವೇನೂ ಇಲ್ಲ. ಅವರಿಗಿರುವುದು ಲೆಕ್ಕಪರಿಶೋಧನೆಯ ಭಯ. ಆ ಭಯಕ್ಕೆ ಒಪ್ಪುವಂಥ ಕಾಗದವನ್ನು ನಾವು ಅವರ ಕೈಗೆ ಕೊಡಬೇಕು. ಟೆಂಡರ್ ತೆರೆದ ಮೇಲೆ ದೂರು ಬರೆದರೆ ಅದು ವ್ಯಾಜ್ಯವಾಗುತ್ತದೆ. ತೆರೆಯುವ ಮೊದಲು ಕೇಳಿದರೆ ಅದು ಸಲಹೆ.

ಆ ಟೆಂಡರ್‌ನಲ್ಲಿ ಬೆಲೆಯ ಆದ್ಯತೆಯೂ ಕೆಲಸ ಮಾಡಿತು. ಅದು ಹೇಗೆ ನಡೆಯುತ್ತದೆ ಎಂಬುದನ್ನು ದುಂಡು ಅಂಕಿಗಳಲ್ಲಿ ಹೇಳುತ್ತೇನೆ. 40 ವರ್ಕ್‌ಬೆಂಚು ಬೇಕು; ದೊಡ್ಡ ಕಂಪನಿಯೊಂದು ತಲಾ ₹18,000ಕ್ಕೆ ಕೊಡುತ್ತೇನೆಂದು ಅತಿ ಕಡಿಮೆ ಬೆಲೆ ಹಾಕಿದೆ; ನಮ್ಮದು ₹20,000. ಸಣ್ಣ ಉದ್ದಿಮೆಯ ಬೆಲೆ ಆ ಕಡಿಮೆ ಬೆಲೆಗಿಂತ 15%ರೊಳಗೆ ಹೆಚ್ಚಿದ್ದರೆ, ಅಂದರೆ ಇಲ್ಲಿ ₹20,700 ದಾಟದಿದ್ದರೆ, ಅವರ ಬೆಲೆಗೇ ಇಳಿದು 25% ಪಾಲನ್ನು ಪೂರೈಸುವ ಅವಕಾಶ ನಮಗೆ ಸಿಗುತ್ತದೆ. ಹತ್ತು ಬೆಂಚು ನಮ್ಮವು. ಆದೇಶವನ್ನು ಒಡೆಯಲು ಬರದಂಥ ವಸ್ತುವಾಗಿದ್ದರೆ ಪೂರ್ತಿ ಆದೇಶವೇ ಬರಲೂಬಹುದು. ಹೆಚ್ಚು ಬೆಲೆ ಕೊಟ್ಟು ನಮ್ಮಿಂದ ಕೊಳ್ಳುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ಸರ್ಕಾರ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ಆದ್ದರಿಂದ ಬಿಡ್ ಹಾಕುವ ಮೊದಲೇ ಯಾವ ಬೆಲೆಗೆ ಇಳಿದರೆ ನಷ್ಟವಾಗುತ್ತದೆ ಎಂಬ ಲೆಕ್ಕ ಮುಗಿದಿರಬೇಕು. ತಗಡಿನ ತೂಕ, ಹಾಳಾಗುವ ತುಂಡು, ಬಣ್ಣ, ಕೂಲಿ, ಲಾರಿ ಬಾಡಿಗೆ, ಹಣ ಬರುವವರೆಗಿನ ಬಡ್ಡಿ, ಇವೆಲ್ಲ ಆ ಲೆಕ್ಕದಲ್ಲಿರಬೇಕು. ಬಿಡ್ ಜೊತೆ ಕಟ್ಟುವ ಮುಂಗಡ ಠೇವಣಿಯಿಂದ ನಮಗೆ ವಿನಾಯಿತಿ ಇದೆ, ಆದರೆ ಆದೇಶ ಸಿಕ್ಕ ಮೇಲೆ ಕೊಡಬೇಕಾದ ಕಾರ್ಯನಿರ್ವಹಣಾ ಭದ್ರತೆಯಿಂದ ಇಲ್ಲ. ಬ್ಯಾಂಕ್ ಗ್ಯಾರಂಟಿಗೆ ಹಣ ಕಟ್ಟಿಡಬೇಕು. ಅದರ ವೆಚ್ಚವೂ ಸೇರಬೇಕು.

ಮೇಕ್ ಇನ್ ಇಂಡಿಯಾ ಆದ್ಯತೆಯ ಆದೇಶ 2017ರದು, ಬೇರೆಯೇ. ದೇಶದೊಳಗಿನ ಮೌಲ್ಯ 50% ಅಥವಾ ಹೆಚ್ಚಿದ್ದರೆ ಮೊದಲ ದರ್ಜೆಯ ಪೂರೈಕೆದಾರ, 20%ರಿಂದ 50%ರೊಳಗಿದ್ದರೆ ಎರಡನೆಯ ದರ್ಜೆ. ನಮ್ಮ ರ್ಯಾಕುಗಳಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಮೋಟಾರಿನಿಂದ ಏರಿಳಿಯುವ ಆಸ್ಪತ್ರೆ ಮಂಚಕ್ಕೆ ಕೈಹಾಕಿದಾಗ ಮಾತ್ರ ಲೆಕ್ಕ ಬಿಗಿಯಾಯಿತು. ವಿದೇಶದ ಮೋಟಾರನ್ನು ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಮಾತ್ರಕ್ಕೆ ಅದು ಸ್ವದೇಶಿ ಆಗುವುದಿಲ್ಲ. ಸಾಗಣೆ, ಅಳವಡಿಕೆ, ಮಾರಾಟಾನಂತರದ ಸೇವೆಯ ವೆಚ್ಚವನ್ನು ಸೇರಿಸಿ ಶೇಕಡಾವಾರು ಉಬ್ಬಿಸಲೂ ಬರುವುದಿಲ್ಲ. ಸ್ವಯಂ ಘೋಷಣೆ ಸುಳ್ಳಾದರೆ ಎರಡು ವರ್ಷದವರೆಗೆ ಟೆಂಡರ್‌ಗಳಿಂದ ಹೊರಗಿಡಬಹುದು. ಇನ್ನೊಂದು ಮಾತನ್ನು ನಮ್ಮವರು ಮರೆಯಬಾರದು: ಈ ಆದೇಶದ ಕಣ್ಣಿಗೆ ತುಮಕೂರೂ ಒಂದೇ, ಫರೀದಾಬಾದೂ ಒಂದೇ. ಊರಿನ ಉದ್ದಿಮೆ ಎಂಬ ಕಾರಣಕ್ಕೆ ಏನೂ ಸಿಗುವುದಿಲ್ಲ. ಹತ್ತಿರವಿರುವುದರ ಲಾಭವನ್ನು ಲಾರಿ ಬಾಡಿಗೆಯಲ್ಲಿ, ಬೀಗ ಕೆಟ್ಟರೆ ಮರುದಿನವೇ ಆಳು ಕಳಿಸುವುದರಲ್ಲಿ ನಾವೇ ತೋರಿಸಬೇಕು.

ಹಣ ಬರುವ ದಾರಿ ಎಲ್ಲಕ್ಕಿಂತ ಕಠಿಣ. ಜೆಮ್‌ನಲ್ಲಿ ಮಾಲು ಒಪ್ಪಿಕೊಂಡ ಪ್ರಮಾಣಪತ್ರ ಹೊರಟ ಹತ್ತು ದಿನದೊಳಗೆ ಹಣ ಬರಬೇಕೆಂಬ ನಿಯಮವಿದೆ. ಆ ಪ್ರಮಾಣಪತ್ರವನ್ನೇ ತಡೆದಿಟ್ಟರೆ ಗಡಿಯಾರ ಓಡುವುದೇ ಇಲ್ಲ. ಒಂದು ಸಂಸ್ಥೆ ನಮ್ಮ ಮಾಲನ್ನು ಬಳಸುತ್ತಲೇ ಪ್ರಮಾಣಪತ್ರ ಕೊಡದೆ ತಿಂಗಳುಗಟ್ಟಲೆ ಸತಾಯಿಸಿತು. ಸಂಬಳದ ದಿನ ಬಂದಾಗ ಚಿನ್ನ ಅಡವಿಡಬೇಕಾಯಿತು. ಆಗ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯನ್ನು ಕೂತು ಓದಿದೆ. 15ನೇ ಸೆಕ್ಷನ್ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ 16ನೇ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಎರಡೂ ಸೆಕ್ಷನ್‌ಗಳನ್ನು ಉಲ್ಲೇಖಿಸಿ, ಬಡ್ಡಿಯ ಪಟ್ಟಿ ಲಗತ್ತಿಸಿ, ವಿನಯದಿಂದಲೇ ಪತ್ರ ಬರೆದೆ. ಉತ್ತರ ಬರಲಿಲ್ಲ. ಬಾಕಿ ಹಣದ ದೂರಿಗಾಗಿ ಇರುವ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ; ಅದು ಇಂಥ ವ್ಯಾಜ್ಯಗಳನ್ನು ವಿಚಾರಿಸುವ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗುತ್ತದೆ. ವಿಚಾರಣೆಗೆ ಮೊದಲೇ ಅಸಲು ಬಂತು. "ದೂರು ಕೊಟ್ಟರೆ ಮುಂದೆ ಆದೇಶ ಸಿಗುವುದಿಲ್ಲ ಅಕ್ಕಾ" ಎಂದು ಪಕ್ಕದ ಶೆಡ್‌ನವರು ಹೆದರಿಸಿದ್ದರು. ಅದೇ ಸಂಸ್ಥೆಯಿಂದ ಮತ್ತೆ ಆದೇಶ ಬಂದಿದೆ, ಹಣವೂ ಸಮಯಕ್ಕೆ ಬಂದಿದೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಕಡೆಯ ಹುಡುಗರಿಗೆ ವಿಮಾನದ ಬಿಡಿಭಾಗ ಮಾಡುವ ಕನಸು ಹುಟ್ಟಿದೆ. ಒಳ್ಳೆಯ ಕನಸು. ಅದಕ್ಕೆ ಬೇಕಾದ ಗುಣಮಟ್ಟದ ಪ್ರಮಾಣೀಕರಣಕ್ಕೆ ವರ್ಷಗಳೇ ಹಿಡಿಯುತ್ತವೆ. ಆದರೆ ಯಾವ ದೊಡ್ಡ ಕಾರ್ಖಾನೆಗೂ ಟೂಲ್ ಟ್ರಾಲಿ, ರ್ಯಾಕು, ಬೆಂಚು, ಸಾಗಣೆಯ ಪೆಟ್ಟಿಗೆ ಬೇಕು. ಎಚ್‌ಎಎಲ್ ಸಾರ್ವಜನಿಕ ಉದ್ದಿಮೆಯಾದ್ದರಿಂದ 2012ರ ಆದೇಶ ಅದಕ್ಕೂ ಅನ್ವಯಿಸುತ್ತದೆ. ಅಲ್ಲಿಂದ ಶುರು ಮಾಡಿ ಎನ್ನುತ್ತೇನೆ.

ನನಗೆ ಇನ್ನೂ ಬಗೆಹರಿಯದಿರುವುದು ರಾಜ್ಯದ ಖರೀದಿ. ಕೇಂದ್ರದ 2012ರ ಆದೇಶ ರಾಜ್ಯದ ಇಲಾಖೆಗಳನ್ನು ಕಟ್ಟಿಹಾಕುವುದಿಲ್ಲ. ಅವು ನಡೆಯುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ. ಹಾಸ್ಟೆಲ್ ಮಂಚ, ಅಂಗನವಾಡಿ ಬೀರು, ಶಾಲೆಯ ಡೆಸ್ಕು, ನಮ್ಮ ಊರಿನ ಶೆಡ್‌ಗಳು ಕಣ್ಣುಮುಚ್ಚಿ ಮಾಡಬಲ್ಲ ಸಾಮಾನುಗಳೆಲ್ಲ ಈ ಕಡೆಯವು. ಇಡೀ ರಾಜ್ಯಕ್ಕೆ ಒಂದೇ ದೊಡ್ಡ ಟೆಂಡರ್ ಕರೆದರೆ ನಾವು ಅರ್ಜಿಯನ್ನೂ ಹಾಕಲಾರೆವು. ಜಿಲ್ಲೆಗೊಂದು ಭಾಗವಾಗಿ ಕರೆದರೆ ಪಾವಗಡ, ಶಿರಾ, ಮಧುಗಿರಿಯ ಹಾಸ್ಟೆಲ್‌ಗಳಿಗೆ ಅಂತರಸನಹಳ್ಳಿಯ ಐದಾರು ಶೆಡ್‌ಗಳು ಸೇರಿ ಮಂಚ ಪೂರೈಸಬಲ್ಲವು. ಈ ಬೇಡಿಕೆಯನ್ನು ಬರೆದು, ಮಾದರಿ ಷರತ್ತುಗಳ ಸಮೇತ ಇಲಾಖೆಗೆ ಕೊಡಲು ಸಿದ್ಧಪಡಿಸುತ್ತಿದ್ದೇವೆ. ಜೊತೆಗೂಡಲು ಇಷ್ಟವಿರುವ ತಯಾರಕರು ತಮ್ಮ ಯಂತ್ರಗಳ ಪಟ್ಟಿ ಮತ್ತು ತಿಂಗಳ ಉತ್ಪಾದನಾ ಸಾಮರ್ಥ್ಯವನ್ನು ಈಗಲೇ ಬರೆದಿಟ್ಟುಕೊಳ್ಳಲಿ. ಇಲಾಖೆ ಮೊದಲು ಕೇಳುವುದು ಅದನ್ನೇ.