ಐದು ಚಾಕು, ಒಂದೇ ಕೋನ: ಹರಿತ ಎಷ್ಟು ದಿನ ಉಳಿಯುತ್ತದೆ ಅಂತ ನಾನು ನೋಡಿದ ಬಗೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟೂಲ್ ರೂಮಿನ ಕೆಲಸಕ್ಕೆ ಸೇರಿ 18 ವರ್ಷ ಆಯ್ತು. ತಗಡು ಕತ್ತರಿಸುವ ಪಂಚ್, ಡೈ ಮಾಡುವುದು, ಮೊಂಡಾದರೆ ಮತ್ತೆ ಗ್ರೈಂಡ್ ಮಾಡುವುದು, ಇದೇ ದಿನದ ಕೆಲಸ. ಡಿ2 ಉಕ್ಕು ನನ್ನ ಕೈಗೆ ಅನ್ನ ಕೊಟ್ಟ ಉಕ್ಕು. ಹಾಗಾಗಿ ಮಡಚುವ ಚಾಕುಗಳ ಹುಚ್ಚು ಹಿಡಿದಾಗ ಮೊದಲು ಕೊಂಡದ್ದೂ ಡಿ2 ಅಲಗಿನದ್ದೇ. ಆಮೇಲೆ ಒಂದೊಂದಾಗಿ ಬೇರೆ ಉಕ್ಕಿನ ಚಾಕುಗಳು, 14ಸಿ28ಎನ್, ಎಂ390, ಎಸ್90ವಿ, ಕಡೆಗೆ ಕೆ390 ಬಂದವು. ಕೊನೆಯ ಎರಡಕ್ಕೆ ಕೊಟ್ಟ ದುಡ್ಡು ಸಣ್ಣದಲ್ಲ. ಅಷ್ಟು ದುಡ್ಡಿಗೆ ಹರಿತ ನಿಜವಾಗಲೂ ಅಷ್ಟು ಜಾಸ್ತಿ ಉಳಿಯುತ್ತಾ ಅನ್ನೋದು ತಲೆಯಲ್ಲಿ ಕೂತುಬಿಟ್ಟಿತು. ನಾನೇ ಕತ್ತರಿಸಿ ನೋಡಬೇಕು ಅಂತ ತೀರ್ಮಾನಿಸಿದೆ.

ಮೊದಲ ಸುತ್ತು ಪೂರ್ತಿ ಹಾಳಾಯ್ತು. ಅದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಕಲಿತದ್ದೆಲ್ಲ ಅಲ್ಲಿಂದಲೇ.

ರವಿವಾರ ಪೇಟೆಗೆ ಹೋಗಿ ತೆಂಗಿನ ನಾರಿನ ಹಗ್ಗ ತಂದಿದ್ದೆ. ಹಗ್ಗ ಕತ್ತರಿಸುವುದು ಹಳೆಯ ಪರೀಕ್ಷೆ, ಸುಲಭ ಅನ್ನಿಸಿತ್ತು. ಹತ್ತಿಪ್ಪತ್ತು ತುಂಡು ಮಾಡುವಷ್ಟರಲ್ಲಿ 14ಸಿ28ಎನ್ ಅಲಗಿನ ಬಾಯಿಯಲ್ಲಿ ಬಿಳಿ ಚುಕ್ಕೆಗಳು ಕಂಡವು. ದೀಪದ ಕೆಳಗೆ ಬಾಯಿಯನ್ನು ನೇರವಾಗಿ ಕಣ್ಣಿಗೆ ಹಿಡಿದರೆ ಹರಿತ ಇರುವ ಕಡೆ ಏನೂ ಕಾಣುವುದಿಲ್ಲ, ಮೊಂಡಾದ ಕಡೆ ಬೆಳಕು ಹೊಳೆಯುತ್ತದೆ. ಇಷ್ಟು ಬೇಗ ಹೇಗೆ ಅಂತ ಹಗ್ಗವನ್ನು ಬಿಚ್ಚಿ ಪೇಪರ್ ಮೇಲೆ ಕೊಡವಿದೆ. ಮರಳು ಉದುರಿತು! ನಾರಿನ ಸಂದಿಯಲ್ಲೆಲ್ಲ ಸಣ್ಣ ಮರಳು. ಒಂದು ತುಂಡಿನಲ್ಲಿ ಹತ್ತು ಕಾಳು, ಇನ್ನೊಂದರಲ್ಲಿ ಒಂದೂ ಇಲ್ಲ. ಇದರಲ್ಲಿ ಯಾವ ಲೆಕ್ಕ ಸಿಗುತ್ತೆ? ಇಂಗ್ಲೆಂಡಿನ ಶೆಫೀಲ್ಡಿನಲ್ಲಿರುವ ಕ್ಯಾಟ್ರಾ ಅನ್ನುವ ಚಾಕು ಸಂಶೋಧನಾ ಸಂಸ್ಥೆಯ ಹರಿತ ಅಳೆಯುವ ಯಂತ್ರದಲ್ಲೂ ಮರಳಿನ ಅಂಶ ಇರುವ ಕಾಗದವನ್ನೇ ಕತ್ತರಿಸುತ್ತಾರೆ, ಆದರೆ ಅಲ್ಲಿ ಸಿಲಿಕಾ 5% ಅಂತ ಅಳೆದು ಸೇರಿಸಿರುತ್ತಾರೆ. ನನ್ನ ಹಗ್ಗದ ಮರಳನ್ನು ಅಳೆದವರು ಯಾರೂ ಇಲ್ಲ. ಹಗ್ಗ ಬಿಟ್ಟು ರಟ್ಟಿಗೆ ಬಂದೆ. ಗುಜರಿ ಅಂಗಡಿಯವರ ಹತ್ತಿರ ಒಂದೇ ಥರದ, ಒಂದೇ ದಪ್ಪದ ಮೂರು ಪದರದ ಬಾಕ್ಸುಗಳನ್ನು ಕಟ್ಟುಗಟ್ಟಲೆ ತೆಗೆದುಕೊಂಡೆ.

ರಟ್ಟಿನಲ್ಲೂ ಮೊದಲ ಫಲಿತಾಂಶ ತಲೆಕೆಳಗೆ ಬಂತು. ಎಂ390 ಎಲ್ಲಕ್ಕಿಂತ ಮುಂದೆ. ಎಸ್90ವಿ ಮಾತ್ರ ಡಿ2 ಜೊತೆ ಸಮ, ಕೆ390 ಇನ್ನೂ ಹಿಂದೆ. ಸವೆತ ತಡೆಯಲೆಂದೇ 9% ವೆನೇಡಿಯಂ ಸೇರಿಸಿದ ಉಕ್ಕು ಡಿ2 ಜೊತೆ ಸಮ ಅಂದರೆ ನನಗೆ ನಂಬಲು ಆಗಲಿಲ್ಲ. ಚಾಕು ನಕಲಿ ಇರಬಹುದೇನೋ ಅಂತಲೂ ಒಂದು ವಾರ ಕೊರಗಿದೆ.

ಗಂಟು ಬಿಡಿಸಿದ್ದು ನಮ್ಮ ಗ್ರೈಂಡರ್ ಹುಡುಗ, ಬಾಗಲಕೋಟೆ ಕಡೆಯವನು. ಊಟದ ಹೊತ್ತಲ್ಲಿ ಚಾಕು ತೋರಿಸಿ ಕಥೆ ಹೇಳಿದೆ.

"ಅಣ್ಣಾ, ಯಾವ ಕಲ್ಲಿನ ಮ್ಯಾಲ ಮಸದ್ರಿ?"

"ಅದೇ ನನ್ನ ಹಳೇ ಬಿಳಿ ಕಲ್ಲು. ಅಲ್ಯೂಮಿನಾ."

"ಅಲ್ರೀ, ಕಾರ್ಬೈಡ್ ಟೂಲ್ ತಗೊಂಡು ಬಿಳಿ ವೀಲ್ ಮ್ಯಾಲ ತಿಕ್ಕಿದಂಗ ಆತಲ್ರೀ ಇದು. ಹಸಿರು ವೀಲ್ ಇಲ್ಲಾ ಡೈಮಂಡ್ ಬೇಕಲ್ಲ ಅದಕ್ಕ."

ಕಾರ್ಬೈಡ್ ಟೂಲನ್ನು ಬಿಳಿ ವೀಲಿಗೆ ಹಿಡಿದರೆ ಸವೆಯುವುದು ವೀಲು, ಟೂಲಲ್ಲ. ಇದು ನನಗೆ ದಿನಾ ಕಣ್ಣೆದುರಿಗಿದ್ದ ಮಾತು. ಚಾಕು ಕೈಗೆ ಬಂದಾಗ ಮಾತ್ರ ಹೊಳೆಯಲಿಲ್ಲ. ಉಕ್ಕಿನೊಳಗೆ ಕಾರ್ಬೈಡ್, ಅಂದರೆ ಲೋಹ ಮತ್ತು ಇಂಗಾಲ ಸೇರಿದ ಗಟ್ಟಿ ಕಾಳುಗಳು, ಗಾರೆಯೊಳಗಿನ ಜಲ್ಲಿ ಹಾಗೆ ಕೂತಿರುತ್ತವೆ. ಸವೆತ ತಡೆಯುವುದು ಬಹುಪಾಲು ಅವೇ. ಕ್ರೋಮಿಯಂ ಕಾರ್ಬೈಡಿನ ಗಟ್ಟಿತನ ವಿಕರ್ಸ್ ಅಳತೆಯಲ್ಲಿ ಸುಮಾರು 1,500ರಿಂದ 1,800. ಅಲ್ಯೂಮಿನಾ ಸುಮಾರು 2,000. ವೆನೇಡಿಯಂ ಕಾರ್ಬೈಡ್ ಸುಮಾರು 2,800. ಅಂದರೆ ನನ್ನ ಬಿಳಿ ಕಲ್ಲು ಡಿ2, ಎಂ390ರ ಕಾಳುಗಳನ್ನು ಕತ್ತರಿಸುತ್ತದೆ, ಅವುಗಳಲ್ಲಿ ಹೆಚ್ಚಿನವು ಕ್ರೋಮಿಯಂನವು. ಎಸ್90ವಿ, ಕೆ390 ಬಂದರೆ ಸುತ್ತಲಿನ ಉಕ್ಕನ್ನು ಮಾತ್ರ ತಿಂದು ಕಾಳನ್ನು ಹಾಗೇ ಬಿಡುತ್ತದೆ. ಬಾಯಿ ಹರಿತ ಆದಂತೆ ಕಾಣುತ್ತದೆ, ಪೇಪರೂ ಕತ್ತರಿಸುತ್ತದೆ. ಆದರೆ ಆಸರೆ ಇಲ್ಲದ ಕಾಳು ನಾಲ್ಕು ರಟ್ಟು ಕುಯ್ಯುವಷ್ಟರಲ್ಲಿ ಕಳಚಿ ಬೀಳುತ್ತದೆ. ನಾನು ಅಳೆದದ್ದು ಉಕ್ಕನ್ನಲ್ಲ, ನನ್ನ ಕಲ್ಲನ್ನು.

ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದೆ. 400 ಮತ್ತು 1000 ಗ್ರಿಟ್‌ನ ಎರಡು ಡೈಮಂಡ್ ಪ್ಲೇಟ್ ಕೊಂಡೆ. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಡೈ ಲ್ಯಾಪಿಂಗಿಗೆ ಬಳಸುವ 1 ಮೈಕ್ರಾನ್ ಡೈಮಂಡ್ ಪೇಸ್ಟ್. ಐದೂ ಚಾಕುಗಳನ್ನು ಕ್ಲ್ಯಾಂಪಿನಲ್ಲಿ ಹಿಡಿದು, ಡಿಜಿಟಲ್ ಕೋನಮಾಪಕ ಇಟ್ಟು, ಪ್ರತಿ ಬದಿಗೂ 20 ಡಿಗ್ರಿ ಮಾಡಿದೆ. ಕಂಪನಿಯಿಂದ ಬಂದ ಬಾಯಿ ನಂಬಬೇಡಿ. ನನ್ನ ಐದರಲ್ಲಿ ಒಂದು ಚಾಕು ಒಂದು ಬದಿಗೆ 18, ಇನ್ನೊಂದು ಬದಿಗೆ 24 ಇತ್ತು. ಮಾರ್ಕರಿನಿಂದ ಬಾಯಿಗೆ ಮಸಿ ಬಳಿದು ಮಸೆದರೆ ಕಲ್ಲು ಎಲ್ಲಿ ತಾಗುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಬರ್, ಅಂದರೆ ಮಸೆಯುವಾಗ ಬಾಯಿಯ ಅಂಚಿಗೆ ಅಂಟಿ ಉಳಿಯುವ ತೆಳ್ಳನೆಯ ಉಕ್ಕಿನ ಎಸಳು, ಪೂರ್ತಿ ಹೋಗುವವರೆಗೆ ಬಿಡಬಾರದು. ಬರ್ ಉಳಿದ ಬಾಯಿ ಮೊದಲ ಐದು ನಿಮಿಷ ಬ್ಲೇಡ್ ಥರ ಇರುತ್ತದೆ, ಆಮೇಲೆ ಮಗುಚಿಕೊಳ್ಳುತ್ತದೆ.

ಗಟ್ಟಿತನವನ್ನೂ ನೋಡಿದೆ. ಹಿಡಿ ಬಿಚ್ಚಿ, ಅಲಗಿನ ಒಳಭಾಗದಲ್ಲಿ, ಕಾಣದ ಜಾಗಕ್ಕೆ ನಮ್ಮ ರಾಕ್‌ವೆಲ್ ಯಂತ್ರದ ಮೊನೆ ಒತ್ತಿದೆ. ಡಿ2 ಚಾಕು ಮಾರಿದವರು 60ರಿಂದ 62 ಅಂದಿದ್ದರು. ನನಗೆ ಮೂರು ಸಲವೂ ಸಿಕ್ಕಿದ್ದು 58. ಡೈ ಮಾಡುವವನಿಗೆ ಇದು ನೋವಿನ ಮಾತು. ಒಳ್ಳೆ ಉಕ್ಕಿಗೆ ಹದ ಸರಿ ಕೊಡದಿದ್ದರೆ ಹೆಸರು ಮಾತ್ರ ಉಳಿಯುತ್ತದೆ. ಉಳಿದವುಗಳಲ್ಲಿ ಮೂರು 60ರ ಆಸುಪಾಸಿನಲ್ಲಿದ್ದವು, ಕೆ390 ಮಾತ್ರ 63.

ಹರಿತ ಅಳೆಯಲು ಒಂದು ಸಾಧನ ಮಾಡಿಕೊಂಡೆ. ಅಲ್ಯೂಮಿನಿಯಂ ತುಂಡಿಗೆ ಎರಡು ಬೋಲ್ಟ್, ನಡುವೆ 0.25 ಮಿ.ಮೀ. ನೈಲಾನ್ ಮೀನಿನ ದಾರ. ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಇಟ್ಟು, ಅಲಗನ್ನು ದಾರದ ಮೇಲೆ ನೆಟ್ಟಗೆ, ನಿಧಾನಕ್ಕೆ ಒತ್ತಬೇಕು. ಎಳೆಯಬಾರದು. ದಾರ ತುಂಡಾಗುವಾಗ ತಕ್ಕಡಿ ತೋರಿಸಿದ ಗ್ರಾಂ ಎಷ್ಟು ಅನ್ನೋದೇ ಲೆಕ್ಕ. ಕಣ್ಣಿಗೆ ಸಿಗುವುದಿಲ್ಲ, ಹಾಗಾಗಿ ಮೊಬೈಲಿನಲ್ಲಿ ವಿಡಿಯೋ ಮಾಡಿ ನಿಲ್ಲಿಸಿ ನೋಡುತ್ತಿದ್ದೆ. ಹೊಸದಾಗಿ ಮಸೆದಾಗ ಎಲ್ಲವೂ 150 ಗ್ರಾಂ ಸುತ್ತಮುತ್ತ. 400 ದಾಟಿದರೆ ಅಲ್ಲಿಗೆ ನಿಲ್ಲಿಸುವುದು ಅಂತ ಇಟ್ಟುಕೊಂಡೆ, ಯಾಕೆಂದರೆ ಆ ಹೊತ್ತಿಗೆ ಚಾಕು ರಟ್ಟನ್ನು ಕುಯ್ಯುವ ಬದಲು ಹರಿಯಲು ಶುರು ಮಾಡುತ್ತದೆ. ಸದ್ದೇ ಬೇರೆ ಬರುತ್ತದೆ.

ಸಂಜೆ ಸಂಜೆ ಕೂತು, ಪ್ರತಿ ಚಾಕುವಿಗೂ ಮೂರು ಸಲ ಮಾಡಿದೆ. ನನ್ನ ನೋಟ್‌ಬುಕ್ಕಿನ ಸರಾಸರಿ ಹೀಗಿತ್ತು: 14ಸಿ28ಎನ್ ಸುಮಾರು 50 ಮೀಟರ್ ರಟ್ಟು, ಡಿ2 60, ಎಂ390 85, ಎಸ್90ವಿ 110, ಕೆ390 120. ಒಂದೇ ಚಾಕು ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಹತ್ತು ಮೀಟರ್ ಆಚೆ ಈಚೆ ಆಗುತ್ತಿತ್ತು. ಅದಕ್ಕೇ ಕೊನೆಯ ಎರಡರಲ್ಲಿ ಯಾವುದು ಮೇಲು ಅಂತ ನಾನು ವಾದ ಮಾಡುವುದಿಲ್ಲ. ಅದೇ ಎಸ್90ವಿ ಬಿಳಿ ಕಲ್ಲಿನ ದಿನಗಳಲ್ಲಿ 60ಕ್ಕೆ ಸೋತಿತ್ತು ಅನ್ನೋದು ಮಾತ್ರ ನೆನಪಿಡಿ.

ಮೀಟರಿಗಿಂತ ನನಗೆ ದೊಡ್ಡದು ಅನ್ನಿಸಿದ್ದು ಇನ್ನೊಂದು. ಐದೂ ಚಾಕುಗಳು 150ರಿಂದ 250 ಗ್ರಾಂವರೆಗೆ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಏರಿದವು. ರೋಮ ಬೋಳಿಸುವ ಹರಿತ ಯಾವುದರಲ್ಲೂ ಜಾಸ್ತಿ ಹೊತ್ತು ನಿಲ್ಲಲಿಲ್ಲ. ವ್ಯತ್ಯಾಸ ಶುರುವಾಗುವುದು ಅದರ ನಂತರ. 14ಸಿ28ಎನ್ ಸೀದಾ ಏರುತ್ತಲೇ ಹೋಗುತ್ತದೆ. ಎಸ್90ವಿ ಮಾತ್ರ 300ರ ಹತ್ತಿರ ಬಂದು ಅಲ್ಲೇ ಕೂತುಬಿಡುತ್ತದೆ, ಮೀಟರ್ ಮೇಲೆ ಮೀಟರ್ ಕುಯ್ದರೂ ಅಲುಗುವುದಿಲ್ಲ. ದುಬಾರಿ ಉಕ್ಕಿಗೆ ದುಡ್ಡು ಕೊಡುವುದು ಈ ನಡುವಿನ ಹರಿತಕ್ಕೆ. ದಿನಾ ಬಾಕ್ಸ್ ಒಡೆಯುವವರಿಗೆ, ಹಗ್ಗ ಕುಯ್ಯುವವರಿಗೆ ಇದು ಸಾರ್ಥಕ. ಟೊಮೆಟೊ, ಮೀನು ಹೆಚ್ಚುವವರಿಗೆ ಮೊದಲ ಹರಿತವೇ ಬೇಕು, ಅವರಿಗೆ ಬೇಗ ಮಸೆಯಲು ಬರುವ 14ಸಿ28ಎನ್ ಸಾಕು. ನಮ್ಮ ಮನೆಯಲ್ಲಿ ಅದು ಅಡುಗೆಮನೆಗೇ ಹೋಯ್ತು. ಎರಡು ನಿಮಿಷ ಕಲ್ಲಿಗೆ ತಿಕ್ಕಿದರೆ ಮತ್ತೆ ಹೊಸದು. ಎಸ್90ವಿ ಪೂರ್ತಿ ಮೊಂಡಾದರೆ ಡೈಮಂಡಿನಲ್ಲೂ ಮುಕ್ಕಾಲು ಗಂಟೆ.

ತುಕ್ಕಿನ ವಿಷಯ. ನಮ್ಮ ಶಾಪಿನಲ್ಲಿ ಮಳೆಗಾಲದಲ್ಲಿ ಡಿ2 ಡೈ ಮುಟ್ಟಿ ಎಣ್ಣೆ ಹಚ್ಚದೆ ಹೋದರೆ ಸೋಮವಾರ ಬರುವಷ್ಟರಲ್ಲಿ ಬೆರಳಚ್ಚು ಹಾಗೇ ಕಂದು ಬಣ್ಣದಲ್ಲಿ ಕೂತಿರುತ್ತದೆ. ಅದರಲ್ಲಿ ತುಕ್ಕು ತಡೆಯುವ ಕ್ರೋಮಿಯಂ 12% ಇದ್ದರೂ ಬಹಳಷ್ಟು ಕಾರ್ಬೈಡಿಗೆ ಹೋಗಿಬಿಡುತ್ತದೆ. ಕೆ390ರಲ್ಲಿ ಇರುವುದೇ 4% ಚಿಲ್ಲರೆ. ಜುಲೈಯಲ್ಲಿ ನಿಂಬೆಹಣ್ಣು ಕುಯ್ದು ಒರೆಸಿದೆ, ತೊಳೆಯಲಿಲ್ಲ. ಬೆಳಿಗ್ಗೆ ಬಾಯಿಯ ಉದ್ದಕ್ಕೂ ಬೂದು ಕಲೆ, ಎರಡು ಕಡೆ ಕೆಂಪು ಚುಕ್ಕೆ. ಮಳೆಗಾಲದಲ್ಲಿ ಅದನ್ನು ಎಣ್ಣೆ ಹಚ್ಚಿ ಡ್ರಾಯರಿನಲ್ಲಿ ಇಡುತ್ತೇನೆ, ಜೇಬಿಗೆ ಎಸ್90ವಿ.

ಮೊನ್ನೆ ಒಂದು ಕೊನೆಯ ಸುತ್ತು ಮಾಡಿದೆ. ಆ 58ರ ಡಿ2 ಚಾಕುವನ್ನೇ ತೆಗೆದುಕೊಂಡು ಕೋನವನ್ನು 20ರಿಂದ 15 ಡಿಗ್ರಿಗೆ ಇಳಿಸಿದೆ. ಚಿಪ್ಪು ಏಳುತ್ತದೇನೋ ಅಂತ ಭಯ ಇತ್ತು. ಅದರ ಕಾರ್ಬೈಡ್ ಕಾಳುಗಳು ದೊಡ್ಡವು, ಎಸ್90ವಿ, ಕೆ390 ಥರ ಪುಡಿಯಿಂದ ಮಾಡಿದ ಉಕ್ಕಿನ ಹಾಗೆ ನುಣ್ಣಗಿರುವುದಿಲ್ಲ. ಲೆನ್ಸ್ ಹಿಡಿದು ನೋಡಿದೆ, ಒಂದು ಕಡೆ ಮಾತ್ರ ಸಣ್ಣ ಚೂರು ಹಾರಿತ್ತು. ರಟ್ಟು ಕುಯ್ಯುತ್ತಾ ಹೋದೆ. 400 ಗ್ರಾಂ ದಾಟಿದಾಗ ನೋಟ್‌ಬುಕ್ಕಿನಲ್ಲಿ 84 ಮೀಟರ್ ಅಂತ ಬರೆದೆ. 20 ಡಿಗ್ರಿಯ ಎಂ390ಕ್ಕೆ ಒಂದೇ ಮೀಟರ್ ಕಡಿಮೆ. ಗ್ರೈಂಡರ್ ಹುಡುಗನಿಗೆ ಪುಟ ತೋರಿಸಿದೆ. "ಹಂಗಾದ್ರ ಎಸ್90ವಿನೂ 15ಕ್ಕ ಇಳಸ್ರಿ ಅಣ್ಣಾ" ಅಂದ. ಭಾನುವಾರಕ್ಕೆ ರಟ್ಟು ತಂದಿಟ್ಟಿದ್ದೇನೆ.