ಹಳ್ಳ ತಾನೇ ಕುಡೀತದೆ

ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ನಾನು ಆರು ಬೇಸಿಗೆ ಫೈರ್ ವಾಚರ್, ಅಂದರೆ ಕಾಡಿಗೆ ಬೆಂಕಿ ಬೀಳದಂತೆ ಕಾಯುವವ, ಆಗಿದ್ದೆ. ದಿನಗೂಲಿ. ನಮ್ಮ ಬೀಟಿನಲ್ಲಿ, ಅಂದರೆ ನಾವು ಕಾಯುವ ಕಾಡಿನ ತುಂಡಿನಲ್ಲಿ, ದೊಡ್ಡ ಬೆಟ್ಟವೇನೂ ಇರಲಿಲ್ಲ. ಎರಡು ದಿಣ್ಣೆ, ನಡುವೆ ಒಂದು ತಗ್ಗು, ತಗ್ಗಿನಲ್ಲಿ ಬೇಸಿಗೆಗೆ ಬತ್ತುವ ಹಳ್ಳ, ಮತ್ತೆ ದಿಣ್ಣೆ. ದಿಂಡಿಗ, ಮತ್ತಿ, ನೆಲ್ಲಿ, ಕಕ್ಕೆ, ಅಲ್ಲಿ ಯಾವುದೂ ಅಷ್ಟೇನು ಎತ್ತರ ಬೆಳೆಯುವುದಿಲ್ಲ. ಕೆಳಗೆ ಹುಲ್ಲು. ಈಗ ಹುಲ್ಲಿಗಿಂತ ಹೊರಗಿಂದ ಬಂದ ಲಂಟಾನ ಪೊದೆಯೇ ಜಾಸ್ತಿ ಅನ್ನಿ.

ಮೊದಲ ವರ್ಷವೇ ಎಡವಟ್ಟು ಮಾಡಿಕೊಂಡೆ. ಬೆಂಕಿ ರೇಖೆ ಅಂದರೆ ಕಾಡ್ಗಿಚ್ಚು ದಾಟದಂತೆ ಖಾಲಿ ಮಾಡುವ ಪಟ್ಟಿ. ಅದರ ಹುಲ್ಲು ಸವರಿ ಒಣಗಲು ಬಿಟ್ಟಿದ್ದೆವು, ಜನವರಿಯಲ್ಲಿ ಸುಡಬೇಕು. ಹಳ್ಳದ ಪಕ್ಕ ತಂಪು ಇರುತ್ತದೆ, ಅಲ್ಲಿಂದಲೇ ಶುರು ಮಾಡಿದರೆ ಸೇಫ್ ಅಂತ ನನ್ನ ಲೆಕ್ಕ. ಒಂದಷ್ಟು ಹೊತ್ತು ಬರೀ ಹೊಗೆ. ಆಮೇಲೆ ಉರಿ ಇಳಿಜಾರು ಹಿಡಿಯಿತು ನೋಡಿ, ಮುಂದಿನ ಹುಲ್ಲನ್ನು ತಾನೇ ಕಾಯಿಸಿ ಒಣಗಿಸಿಕೊಂಡು ಮೇಲಕ್ಕೆ ಓಡಿತು, ನಾವು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದೆವು ಬಡಿದೆವು, ಮೂರು ಗಂಟೆ. ನನ್ನ ಹುಬ್ಬು ಅರ್ಧ ಸುಟ್ಟುಹೋಯಿತು.

ಈ ಬೆಟ್ಟದ ಬುಡಕಟ್ಟಿನವರು ಸೋಲಿಗರು. ಜೊತೆಗಿದ್ದ ಅವರ ಹಿರಿಯರೊಬ್ಬರು ಬೈಯಲಿಲ್ಲ. ‘ದಿಣ್ಣೆ ಮ್ಯಾಲಿಂದ ಇಕ್ಕು ಕನಪ್ಪ, ಹಳ್ಳ ತಾನೇ ಕುಡೀತದೆ’ ಅಂದರು.

ಮಾರನೇ ದಿನ ನೋಡಿದೆ. ರಾತ್ರಿ ತಣ್ಣನೆ ಗಾಳಿ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ, ಇಬ್ಬನಿಯೂ ಅಲ್ಲೇ ಜಾಸ್ತಿ. ಬೆಳಗ್ಗೆ ಒಂಬತ್ತಕ್ಕೆ ದಿಣ್ಣೆಯ ಹುಲ್ಲು ಮುರಿದರೆ ಲಟಕ್ ಅನ್ನುತ್ತದೆ. ಹಳ್ಳದ ಹತ್ತಿರದ ಹುಲ್ಲು ಸುಮ್ನೆ ಬಾಗುತ್ತದೆ, ಪ್ಯಾಂಟು ಮೊಣಕಾಲವರೆಗೆ ಒದ್ದೆ. ಆ ಹೊತ್ತಲ್ಲಿ ಮೇಲಿಂದ ಹಚ್ಚಿದರೆ ಉರಿ ಪಾದದೆತ್ತರಕ್ಕೆ ನಿಧಾನವಾಗಿ ಇಳಿದು, ಒದ್ದೆ ಜಾಗ ಸಿಕ್ಕಿದ ಕೂಡಲೇ ಸಾಯುತ್ತದೆ. ಆಮೇಲೆ ಪ್ರತಿವರ್ಷ ಹುಲ್ಲು ಮುರಿದು ನೋಡದೆ ಕಡ್ಡಿ ಗೀರಿಲ್ಲ. ಆದರೆ ಇದೆಲ್ಲ ಕೆಲವೇ ವಾರದ ಆಟ. ಮಾರ್ಚ್ ಬಂದರೆ ಲೆಕ್ಕ ಉಲ್ಟಾ. ತಗ್ಗಿನಲ್ಲಿ ಮಣ್ಣು ಆಳ, ಹುಲ್ಲು ದಟ್ಟ. ಅದು ಒಣಗಿತೋ, ಇಡೀ ಬೀಟಿನಲ್ಲಿ ಅದಕ್ಕಿಂತ ಅಪಾಯದ ಜಾಗ ಇಲ್ಲ. ಆಗ ಹಳ್ಳಕ್ಕೆ ಇಳಿದು ಬೆಂಕಿ ಬಡಿಯಲು ಹೋಗಲೇಬಾರದು.

ಸೋಲಿಗರು ಇದನ್ನೇ ಕಾಡಿನ ಒಳಗೂ ಮಾಡುತ್ತಿದ್ದರು, ತರಗು ಬೆಂಕಿ ಅಂತ. ಬೇಸಿಗೆ ಏರುವ ಮೊದಲೇ ಎಲೆ ಕಸ ಸುಡುವುದು. 1974ರಲ್ಲಿ ಅಭಯಾರಣ್ಯ ಆದಮೇಲೆ ಅದು ನಿಂತಿತು. ಈಗ ನೆಲ್ಲಿ ಮರದ ತುಂಬ ಬಂದಳಿಕೆ, ಮರದ ಮೇಲೇ ಬೆಳೆದು ಅದರ ರಸ ಹೀರುವ ಗಿಡ, ಬೆಂಕಿ ಇಲ್ಲದ್ದೇ ಕಾರಣ ಅಂತ ಅವರು ಹೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ. ಹಾಗಂತ ಇವತ್ತು ಸುಮ್ಮನೆ ಹಚ್ಚಿಬಿಡಿ ಅನ್ನಲಾರೆ, ಕೇಸು ಬೀಳುವುದು ಬೇರೆ ಮಾತು. ಲಂಟಾನ ಇದೆಯಲ್ಲ, ಅದು ಏಣಿ ಇದ್ದ ಹಾಗೆ. ನೆಲದ ಉರಿಯನ್ನು ಕೊಂಬೆಗೆ ಹತ್ತಿಸುತ್ತದೆ, ಸುಟ್ಟರೆ ಬುಡದಿಂದ ಮತ್ತೆ ಚಿಗುರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಹೋಯಿತಲ್ವಾ, ಅಲ್ಲೂ ಒಣ ಲಂಟಾನಕ್ಕೇನೂ ಬರ ಇರಲಿಲ್ಲ. ಮೊದಲು ಅದನ್ನು ಬೇರು ಸಮೇತ ಕೀಳಬೇಕು, ಬೆಂಕಿಯ ಮಾತು ಆಮೇಲೆ.

ಬೆಂಕಿ ಆರಿತು ಅಂತ ಮನೆಗೆ ಹೋಗುವ ಹಾಗೂ ಇಲ್ಲ. ಎರಡು ದಿನ ಸುತ್ತುತ್ತಿದ್ದೆವು. ಕರಿಯಾದ ಮತ್ತಿ ಮರ ನೋಡಿ ಗಾಬರಿ ಬೇಡ, ದಪ್ಪ ತೊಗಟೆಯನ್ನು ಕತ್ತಿಯಿಂದ ಸ್ವಲ್ಪ ಕೆರೆದರೆ ಒಳಗೆ ಹಸಿಯಾಗಿಯೇ ಇರುತ್ತದೆ. ನೋಡಬೇಕಾದ್ದು ಇಳಿಜಾರಿನಲ್ಲಿ ಬಿದ್ದ ದಿಮ್ಮಿ, ಅದು ಉರುಳಿದರೆ ಕಥೆ ಮತ್ತೆ ಶುರು. ಆಮೇಲೆ ಆನೆ ಲದ್ದಿ. ಮೇಲೆ ಬೂದಿ, ಹೊಗೆಯೂ ಕಾಣುವುದಿಲ್ಲ, ಒಳಗೆ ಕೆಂಡ. ಅಂಗೈ ಹಿಂಭಾಗವನ್ನು ಹತ್ತಿರ ಹಿಡಿದು ನೋಡಿ, ಬಿಸಿ ತಾಗಿದರೆ ಒಡೆದು ಮಣ್ಣು ಮುಚ್ಚುತ್ತಿದ್ದೆವು. ನೀರಿನ ಕ್ಯಾನು ಕುಡಿಯಲಿಕ್ಕೇ ಸಾಲುತ್ತಿರಲಿಲ್ಲ.