ಪಿಸುಮಾತಿನ ಗುರಾಣಿ: ಪಾತ್ರ ಕಟ್ಟುವುದು, ಆಯುಧ ರೂಪಿಸುವುದು

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಪಾತ್ರ ಕಟ್ಟುವಾಗ 15, 14, 13, 12, 10, 8 ಎಂಬ ಅಂಕಗಳನ್ನು ಆರು ಸಾಮರ್ಥ್ಯಗಳಿಗೆ ಹಂಚಬಹುದು. ವಿಜಯಪುರದ ನಮ್ಮ ಭಾನುವಾರದ ಆಟದಲ್ಲಿ ಕೋಟೆ ಕಾಯುವ ಯೋಧೆಗೆ ನಾನು 15ನ್ನು ಶಕ್ತಿಗೂ 14ನ್ನು ದೇಹದಾರ್ಢ್ಯಕ್ಕೂ ಕೊಡುತ್ತೇನೆ, ಏಕೆಂದರೆ ಆರಂಭದ ಹಂತದಲ್ಲಿ ದೇಹದಾರ್ಢ್ಯದಿಂದ ಹೆಚ್ಚುವ ಪ್ರಾಣಾಂಕವೇ (ಎಷ್ಟು ಪೆಟ್ಟು ತಾಳಬಲ್ಲದು ಎಂಬ ಅಂಕ) ಪಾತ್ರವನ್ನು ಉಳಿಸುತ್ತದೆ.

ಸ್ವಂತ ಸಲಕರಣೆ ರೂಪಿಸುವಾಗ ಮೊದಲು ಅದರ ಮಿತಿಯನ್ನು ಬರೆಯಿರಿ. ಗೋಲಗುಮ್ಮಟದ ಒಳಸುತ್ತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಎದುರುಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳುವುದನ್ನು ನೆನೆದು ನಾನೊಂದು ಗುರಾಣಿ ಮಾಡಿದೆ: ಸಾಮಾನ್ಯ ಗುರಾಣಿಯಂತೆ ರಕ್ಷಣಾಂಕಕ್ಕೆ (ಶತ್ರುವಿನ ಪೆಟ್ಟು ತಗಲುವುದು ಎಷ್ಟು ಕಷ್ಟ ಎಂಬ ಅಂಕ) 2 ಕೂಡುತ್ತದೆ, ದಿನಕ್ಕೊಮ್ಮೆ ಮಾತ್ರ 120 ಅಡಿ ದೂರದ ಗೆಳೆಯನ ಕಿವಿಗೆ ಗುಟ್ಟಿನ ಮಾತು ಮುಟ್ಟಿಸುತ್ತದೆ. ಹಿಂದೆ ಮಿತಿಯಿಲ್ಲದೆ ಕೊಟ್ಟಿದ್ದಾಗ ಹೊಂಚುದಾಳಿಯ ಭಯವೇ ಆಟದಿಂದ ಮಾಯವಾಗಿತ್ತು. ಇದಕ್ಕೆ ಅಟ್ಯೂನ್‌ಮೆಂಟ್, ಅಂದರೆ ಮಾಯಾವಸ್ತುವಿನ ಶಕ್ತಿ ಬಳಸಲು ಪಾತ್ರ ಅದರೊಂದಿಗೆ ನಂಟು ಬೆಸೆಯುವುದು, ಕಡ್ಡಾಯ ಮಾಡಿ. ಒಬ್ಬರಿಗೆ ಅಂಥ ಮೂರೇ ವಸ್ತುಗಳ ಅವಕಾಶವಿರುವುದರಿಂದ ಆಟಗಾರರು ಯೋಚಿಸಿ ಆರಿಸಿಕೊಳ್ಳುತ್ತಾರೆ.